ಬೆಂಕಿ ಪೊಟ್ಟಣಕ್ಕೆ ಮೊದಲು



ಹಳೆ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಅಟ್ಟದಿಂದ ಇಳಿಸಿದ ಕಾಗದದ ಕಟ್ಟನ್ನು ಬಚ್ಚಲ ಒಲೆಗೆ ತುರುಕುವ ಮೊದಲು ಒಂದು ಗಳಿಗೆ ನಿಲ್ಲಿ. ಗೆದ್ದಲು ತಿಂದ ಗೇಣಿ ಚೀಟಿ, ಅಡಿಕೆ ಲೆಕ್ಕದ ಪುಸ್ತಕ, ಯಾರೋ ಮುಂಬೈಯಿಂದ ಬರೆದ ಕಾರ್ಡು, ಇವುಗಳಿಂದ ಏನಾಗಬೇಕು ಎಂದು ಕೇಳುವಿರಿ. ಒಂಬತ್ತು ಶತಮಾನ ಹಿಂದಿನ ಒಬ್ಬ ಮಂಗಳೂರಿಗನ ಕತೆ ಕೇಳಿ.

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಷಿಯದ ಮಹ್ದಿಯದಲ್ಲಿ ಹುಟ್ಟಿದ ಯೆಹೂದಿ ವ್ಯಾಪಾರಿ. 1132ರ ಹೊತ್ತಿಗೆ ನಮ್ಮ ಕರಾವಳಿಗೆ ಬಂದು, ಹದಿನೇಳು ವರ್ಷ ಮಂಗಳೂರನ್ನೇ ಊರು ಮಾಡಿಕೊಂಡ. ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಯೆಮೆನ್‌ನ ಏಡನ್ ಬಂದರಿಗೆ ಕಳಿಸಿದ. ಅಲ್ಲಿಂದ ಬಂದ ಒಡಕು ಪಾತ್ರೆಗಳನ್ನು ಇಲ್ಲಿ ಕರಗಿಸಿ ಹೊಸದು ಮಾಡಿಸಿದ. ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ನಂಬಿಕೆ. ಅವನ ಪರವಾಗಿ ಕಡಲು ದಾಟಿ ವ್ಯವಹಾರ ಮುಗಿಸಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ತುಳುನಾಡಿನ ದೈವ ಬೆರ್ಮೆರಿಗೆ ಕೈ ಮುಗಿಯುವ ನಮಗೆ ಆ ಹೆಸರು ದೂರದ್ದಾದೀತೇ?

ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಉಡುಗೊರೆ ಕಳಿಸುತ್ತಿದ್ದರು. ಇಲ್ಲಿ ಕಾಗದ ಅಷ್ಟು ಅಪರೂಪ. ಬಂದ ಪತ್ರದ ಬೆನ್ನಿನ ಮೇಲೇ ಅವನು ಲೆಕ್ಕ ಗೀಚಿಕೊಂಡ. 1149ರಲ್ಲಿ ಹೊರಟಾಗ ಆ ಚೂರುಗಳನ್ನು ಹೊತ್ತೊಯ್ದ. ಕೊನೆಗೆ ಅವು ಸೇರಿದ್ದು ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರವನ್ನು. ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂದು ಅಲ್ಲಿ ಒಂದು ಕೋಣೆಯಲ್ಲಿ ತುಂಬುತ್ತಿದ್ದರು. 1896–97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸ ಅಲ್ಲಿಂದ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದ. ಬೊಮ್ಮ, ಅಶು ನಮಗೆ ಸಿಕ್ಕಿದ್ದು ಆ ಕೋಣೆಯ ಕಸದಿಂದಲೇ.

ಆ ಮಂದಿರದಲ್ಲಿ ಈಗ ಪ್ರಾರ್ಥನೆಯಿಲ್ಲ. ದುರಸ್ತಿಯಾಗಿ 2023ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಪಕ್ಕದ ಕೇರಳದ ಚೇಂದಮಂಗಲಂ, ಪರವೂರಿನ ಸಿನಗಾಗ್‌ಗಳೂ ಇಂದು ವಸ್ತುಸಂಗ್ರಹಾಲಯಗಳು. ಅಲ್ಲಿಯ ಯೆಹೂದಿಗಳು ಇಸ್ರೇಲಿಗೆ ಹೋದರು, ಗೋಡೆ ಉಳಿಯಿತು. ನಮ್ಮ ಮಂಗಳೂರಿನಲ್ಲಿ ಬೆನ್ ಯಿಜುವಿನದೆಂದು ತೋರಿಸಲು ಗೋಡೆಯೂ ಇಲ್ಲ. ಬರೀ ಕಾಗದ ಸಾಕ್ಷಿ ಹೇಳಿತು.

ಏನು ಸಾಕ್ಷಿ? ಏಡನ್‌ನ ಯೆಹೂದಿ ಮುಖಂಡ ಮದ್ಮೂನ್ ಒಂದು ಪತ್ರದಲ್ಲಿ, ಇಲ್ಲಿಯ ಬನಿಯಾ ವ್ಯಾಪಾರಿಗಳನ್ನು ಹೆಸರು ಹಿಡಿದು ನೆನೆದು, ತನ್ನ ಪ್ರೀತಿಯನ್ನು ಅವರಿಗೆ ಮುಟ್ಟಿಸಲು ಬೆನ್ ಯಿಜುವಿಗೆ ಹೇಳುತ್ತಾನೆ. ದೇವರು ಬೇರೆ, ಭಾಷೆ ಬೇರೆ, ನಡುವೆ ಒಂದು ಕಡಲು. ಆದರೂ ಲೇವಾದೇವಿಯ ಪತ್ರದಲ್ಲಿ ಪ್ರೀತಿಗೆ ಒಂದು ಸಾಲು.

ಈಗ ನಿಮ್ಮ ಅಟ್ಟದ ಲೆಕ್ಕದ ಪುಸ್ತಕ ಬಿಡಿಸಿ. ಚಾಲಿ, ಪಟೋರ, ಕರಿಗೋಟು ಅಡಿಕೆ ಕೊಂಡ ಬ್ಯಾರಿ ಸಾಹೇಬರು ಅಲ್ಲಿದ್ದಾರೆ. ಉಪ್ಪು ಬೆಲ್ಲ ಕಡ ಕೊಟ್ಟ ಕೊಂಕಣಿ ಅಂಗಡಿಯವರಿದ್ದಾರೆ. ಕೊನೆ ತೆಗೆದವರು, ಕೇರಳದಿಂದ ಬಂದು ರಬ್ಬರ್ ಹಾಕಿದವರು, ಮದುವೆಗೆ ಕೈಗಡ ಕೊಟ್ಟವರು, ಎಲ್ಲರೂ ಒಂದೇ ಪುಟದಲ್ಲಿದ್ದಾರೆ. ಇವತ್ತು ನಾವು ಹೆಸರು ಕೇಳಿ, ಜಾತಿ ಅಳೆದು ಅಂಗಡಿ ಹತ್ತುತ್ತೇವೆ. ಜಾತ್ರೆಯಲ್ಲಿ ಯಾರು ಸಂತೆ ಹಾಕಬೇಕೆಂದು ಜಗಳಾಡುತ್ತೇವೆ. ಅಜ್ಜ ಹೇಗೆ ಬದುಕಿದ್ದರು ಎಂದು ಮಗು ಕೇಳಿದರೆ ಯಾವ ಮುಖದಿಂದ ಉತ್ತರಿಸೋಣ? ಆ ಪುಸ್ತಕ ಉತ್ತರಿಸುತ್ತಿತ್ತು. ಅದನ್ನೇ ಸುಟ್ಟರೆ ನೆರೆಯವರನ್ನು ಎರಡನೇ ಸಲ ಹೊರಗೆ ಹಾಕಿದಂತೆ.

ತುಳು ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿ ಹುಡುಕಿ ಓದದಿದ್ದರೆ ತುಳುವಿನ ‘ಶ್ರೀ ಭಾಗವತೊ’ ಇಂದು ನಮ್ಮ ಕೈಯಲ್ಲಿರುತ್ತಿರಲಿಲ್ಲ. ನಿಮ್ಮಿಂದ ಅಷ್ಟು ಶ್ರಮ ಕೇಳುವುದಿಲ್ಲ. ಪುಟ ಪುಟದ ಫೋಟೊ ತೆಗೆಯಿರಿ. ಕಟ್ಟನ್ನು ಒಣ ಬಟ್ಟೆಯಲ್ಲಿ ಸುತ್ತಿಡಿ. ಮನೆಯ ಹಿರಿಯರನ್ನು ಕೂರಿಸಿ, ಇದು ಯಾರು, ಅದು ಯಾರು ಎಂದು ಕೇಳಿ ಬರೆದಿಡಿ.

ಕನಿಷ್ಠ ನಿಮ್ಮ ಅಜ್ಜನ ಹೆಸರಿನ ಕೆಳಗೆ ಯಾರ ಹೆಸರಿದೆ ಎಂದಾದರೂ ಓದಿ. ಬೆಂಕಿ ಪೊಟ್ಟಣ ಆಮೇಲೆ ಹುಡುಕಿದರಾಯಿತು.