ಗುಂಡಿ ಒತ್ತಿದರೆ ತಂಡ ಆಗುವುದಿಲ್ಲ

ಪರೀಕ್ಷೆ ಮುಗಿದ ಮೇಲೆ ನಾವು ಕೆಲವು ಗೆಳೆಯರು ಸೇರಿ ಒಂದು ಕೆಲಸ ಮಾಡಿದೆವು. 'ಎನ್‌ಬಿಎ 2ಕೆ' ಎಂಬ ಬ್ಯಾಸ್ಕೆಟ್‌ಬಾಲ್ ವಿಡಿಯೊ ಗೇಮ್‌ನಲ್ಲಿರುವ ಪ್ಲೇಗಳನ್ನು ನಿಜವಾದ ತಂಡಗಳ ಆಟದೊಂದಿಗೆ ಹೊಂದಿಸಿ ನೋಡಿದೆವು. ಇದನ್ನು ಹಿರಿಯರು ಸಮಯ ಹಾಳು ಎನ್ನಬಹುದು. ನಾನು ಒಪ್ಪುವುದಿಲ್ಲ. ಗೇಮ್ ಆಡಿದರೆ ಸಾಕು, ಆಟ ಬರುತ್ತದೆ ಎನ್ನುವ ಗೆಳೆಯರ ಮಾತನ್ನೂ ಒಪ್ಪುವುದಿಲ್ಲ.

ಮೊದಲು ಲಾಭ ಹೇಳುತ್ತೇನೆ. ಗೇಮ್‌ನಲ್ಲಿ ಒಂದು ಪ್ಲೇ ಆರಿಸಿದರೆ ಅಂಕಣದ ಮೇಲೆ ಗೆರೆಗಳು ಮೂಡುತ್ತವೆ. ಯಾರು ಎಲ್ಲಿಗೆ ಓಡಬೇಕು, ಯಾರು ಸ್ಕ್ರೀನ್ ಹಾಕಬೇಕು ಎಂಬುದು ಕಾಣುತ್ತದೆ. ಸದಾ ಚೆಂಡನ್ನೇ ನೋಡುತ್ತಿದ್ದ ನನಗೆ, ಚೆಂಡಿಲ್ಲದ ನಾಲ್ವರನ್ನು ಗಮನಿಸಲು ಕಲಿಸಿದ್ದು ಈ ಗೆರೆಗಳೇ.

ನಾವು ಆರಿಸಿಕೊಂಡದ್ದು ಷಿಕಾಗೊ ಬುಲ್ಸ್ ತಂಡದ 'ಟ್ರಯಾಂಗಲ್'. ಟೆಕ್ಸ್ ವಿಂಟರ್ ಬೆಳೆಸಿದ ಈ ಪದ್ಧತಿಯಲ್ಲಿ, ಕೋಚ್ ಫಿಲ್ ಜಾಕ್ಸನ್ ಅವರ ಕೈಕೆಳಗೆ ಬುಲ್ಸ್ 1991ರಿಂದ 1998ರೊಳಗೆ 6 ಬಾರಿ ಚಾಂಪಿಯನ್ ಆಯಿತು. ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ ನಿಲ್ಲುತ್ತಾರೆ: ಒಬ್ಬ ಮೂಲೆಯಲ್ಲಿ, ಒಬ್ಬ ಪಕ್ಕದಲ್ಲಿ, ಒಬ್ಬ ಬುಟ್ಟಿಯ ಹತ್ತಿರ. ಉಳಿದಿಬ್ಬರು ಇನ್ನೊಂದು ಬದಿಯಲ್ಲಿ. ಇಷ್ಟನ್ನು ಗೇಮ್‌ನಲ್ಲಿ ತರಬಹುದು. ಆದರೆ ಟ್ರಯಾಂಗಲ್‌ನಲ್ಲಿ ಮುಂದಿನ ಪಾಸ್ ಮೊದಲೇ ಬರೆದಿಟ್ಟಿರುವುದಿಲ್ಲ. ಎದುರಾಳಿ ಎಲ್ಲಿ ನಿಂತಿದ್ದಾನೆಂದು ನೋಡಿ ಐವರೂ ಅದೇ ಕ್ಷಣದಲ್ಲಿ ನಿರ್ಧರಿಸಬೇಕು. ಗೇಮ್‌ನಲ್ಲಿ ನಿರ್ಧರಿಸುವುದು ನನ್ನ ಹೆಬ್ಬೆರಳು. ಉಳಿದ ನಾಲ್ವರನ್ನು ಓಡಿಸುವುದು ಯಂತ್ರ. ಹೆಸರು ಒಂದೇ ಆದರೂ ಎರಡೂ ಒಂದೇ ಅಲ್ಲ.

1993ರ ಫೈನಲ್ಸ್‌ನ 6ನೇ ಪಂದ್ಯವನ್ನೇ ನೋಡಿ. ಎದುರಾಳಿ ಫೀನಿಕ್ಸ್ ಸನ್ಸ್. ಕೊನೆಯ ಕ್ಷಣಗಳಲ್ಲಿ ಬುಲ್ಸ್ 96-98ರಿಂದ ಹಿಂದಿತ್ತು. ಆ ಕೊನೆಯ ಕ್ವಾರ್ಟರ್‌ನಲ್ಲಿ ಅದುವರೆಗೆ ಬುಲ್ಸ್ ಗಳಿಸಿದ್ದ 9 ಅಂಕಗಳೂ ಮೈಕೆಲ್ ಜೋರ್ಡನ್ ಅವರದ್ದೇ. ನಾನಾಗಿದ್ದರೆ ಗೇಮ್‌ನಲ್ಲಿ ಕಣ್ಣುಮುಚ್ಚಿ ಅವರ ಕೈಯಲ್ಲೇ ಶಾಟ್ ಹೊಡೆಸುತ್ತಿದ್ದೆ. ಆದರೆ ಜೋರ್ಡನ್ ಚೆಂಡನ್ನು ಪಿಪ್ಪೆನ್‌ಗೆ ಕೊಟ್ಟರು. ಪಿಪ್ಪೆನ್ ಒಳಗೆ ನುಗ್ಗಿ ಗ್ರಾಂಟ್‌ಗೆ ಕೊಟ್ಟರು. ಗ್ರಾಂಟ್ ಬುಟ್ಟಿಯ ಹತ್ತಿರವೇ ಇದ್ದರೂ ಹೊರಗೆ ಖಾಲಿ ನಿಂತಿದ್ದ ಜಾನ್ ಪ್ಯಾಕ್ಸನ್‌ಗೆ ಎಸೆದರು. ಪ್ಯಾಕ್ಸನ್ 3 ಅಂಕ ಹೊಡೆದರು. ಬುಲ್ಸ್ 99-98ರಿಂದ ಗೆದ್ದು ಚಾಂಪಿಯನ್ ಆಯಿತು.

ಈಗ ನಮ್ಮ ಅಂಗಳಕ್ಕೆ ಬರೋಣ. ಗೇಮ್‌ನಲ್ಲಿ ಕಲಿತ ಪ್ಲೇಗಳ ಹೆಸರನ್ನು ನಾವು ಜೋರಾಗಿ ಕೂಗುತ್ತೇವೆ. ಆಮೇಲೆ ಚೆನ್ನಾಗಿ ಆಡುವ ಇಬ್ಬರೇ ಚೆಂಡನ್ನು ಇಟ್ಟುಕೊಳ್ಳುತ್ತೇವೆ. ಆ ತಪ್ಪು ಮಾಡುವವರಲ್ಲಿ ನಾನೂ ಒಬ್ಬ. ಐದನೆಯ ಹುಡುಗ ಇಡೀ ಪಂದ್ಯ ಓಡಿದರೂ ಚೆಂಡು ಮುಟ್ಟದೆ ಮನೆಗೆ ಹೋಗುತ್ತಾನೆ. ಕೆಲವು ದಿನಗಳಲ್ಲಿ ಅಂಗಳಕ್ಕೆ ಬರುವುದನ್ನೇ ಬಿಡುತ್ತಾನೆ. ಅವನಿಗೆ ಆಟ ಬರುವುದಿಲ್ಲ ಎಂದು ನಾವು ಹೇಳುತ್ತೇವೆ. ಚೆಂಡನ್ನೇ ಕೊಡದೆ ಅದು ಹೇಗೆ ಗೊತ್ತಾಯಿತು?

ಆದ್ದರಿಂದ ಗೆಳೆಯರೇ, ಗೇಮ್ ಆಡಿ, ಬೇಡ ಎನ್ನುವುದಿಲ್ಲ. ಜೊತೆಗೆ ನಿಜವಾದ ಪಂದ್ಯವನ್ನೂ ನೋಡಿ. ಪ್ರತಿ ಪಾಸ್‌ಗೂ ನಿಲ್ಲಿಸಿ, ಏಕೆ ಕೊಟ್ಟರು ಎಂದು ಕೇಳಿಕೊಳ್ಳಿ. ದೈಹಿಕ ಶಿಕ್ಷಣದ ಸರ್ ಅವರಲ್ಲಿ ನನ್ನದೊಂದು ವಿನಂತಿ: ಅಭ್ಯಾಸದಲ್ಲಿ ಐವರೂ ಚೆಂಡು ಮುಟ್ಟುವವರೆಗೆ ಯಾರೂ ಶಾಟ್ ಹೊಡೆಯಬಾರದು ಎಂಬ ನಿಯಮ ಮಾಡಿ. ಮೊದಮೊದಲು ನಾವು ಸೋಲಬಹುದು. ಆದರೆ ಐವರೂ ಆಡಿ ಸೋತಿರುತ್ತೇವೆ.