ಕೆಂಪು ಬಾಳೆಗೆ ಬೋರ್ಡೊ ಪಾಠ
ಫ್ರಾನ್ಸಿನ ಬೋರ್ಡೊ ಕೆಂಪು ವೈನ್ ಬಹುತೇಕ ಕ್ಯಾಬರ್ನೆ ಸೊವಿನ್ಯೋನ್, ಮೆರ್ಲೊ ಮುಂತಾದ ದ್ರಾಕ್ಷಿ ತಳಿಗಳ ಮಿಶ್ರಣ. ಹಣ್ಣಿನ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುದುಗಿ ಮದ್ಯವಾಗುವುದರಿಂದ ಸಿಹಿ ಉಳಿಯದೆ ಸಿಪ್ಪೆ, ಬೀಜಗಳ ಒಗರು ಎದ್ದು ಕಾಣುತ್ತದೆ. ಅಲ್ಲಿನ ನದಿಯ ಎಡದಂಡೆಯ ಗರಸು ನೆಲದಲ್ಲಿ ಕ್ಯಾಬರ್ನೆಯದು, ಬಲದಂಡೆಯ ಜೇಡಿಮಣ್ಣಿನಲ್ಲಿ ಮೆರ್ಲೊದ್ದು ಮೇಲುಗೈ. ಈ ತಳಿಗಳು ನಾಸಿಕದಲ್ಲೂ ಬೆಳೆಯುತ್ತವೆ; ಬೋರ್ಡೊ ಎಂಬ ಹೆಸರು ಮಾತ್ರ ಆ ಸೀಮೆಯದು, 1935ರ ಫ್ರೆಂಚ್ ಕಾನೂನಿನ ವ್ಯವಸ್ಥೆ ಅದನ್ನು ಕಾಯುತ್ತದೆ. ಹಾಗೆಯೇ ನಮ್ಮ ಕಮಲಾಪುರದ ಕೆಂಪು ಬಾಳೆಗೆ ಊರ ಹೆಸರು ಕಾಯುವ ಭೌಗೋಳಿಕ ಸೂಚಕ ಮಾನ್ಯತೆ ಇದೆ, 2019ರಲ್ಲಿ ಕಲಬುರಗಿಯ ತೊಗರಿಬೇಳೆಗೂ ಸಿಕ್ಕಿತು. ಕೆಂಪು ಬಾಳೆ ತಮಿಳುನಾಡಲ್ಲೂ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಆದರೆ ಬೋರ್ಡೊ ಕಾಯ್ದುಕೊಂಡದ್ದು ಬರೀ ತಳಿಯನ್ನಲ್ಲ, ತನ್ನ ನೆಲ ಮತ್ತು ಬೇಸಾಯವನ್ನು. ಈ ಮಾನ್ಯತೆಯ ಮುದ್ರೆಯಿಂದ ರೈತನಿಗೆ ಬೆಲೆ ಬಂದೀತೇ ಎಂಬ ಪ್ರಶ್ನೆ ಇನ್ನೂ ಗಟ್ಟಿ. ಮುದ್ರೆಯೊಂದರಿಂದಲೇ ಬಾರದು, ಬೋರ್ಡೊದಲ್ಲಿ ಹೆಕ್ಟೇರಿಗೆ ಇಳುವರಿ ಎಷ್ಟಿರಬೇಕು, ಯಾವ ತಳಿ ಬೆರೆಸಬಹುದು ಎಂಬುದಕ್ಕೂ ಕಟ್ಟುನಿಟ್ಟಿನ ನಿಯಮವಿದೆ, ತಪಾಸಣೆಯಿದೆ. ಬೆರಕೆ ತಪ್ಪಲ್ಲ, ಬೋರ್ಡೊ ತಾನೇ ಬೆರಕೆ. ಹೊರಗಿನದನ್ನು ಬೆರೆಸಿ ಊರ ಹೆಸರು ಹಚ್ಚುವುದು ತಪ್ಪು. ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಬರುವ ತೊಗರಿ ಕಲಬುರಗಿ ಹೆಸರಿನ ಚೀಲ ಸೇರದಂತೆ ದಾಲ್ ಮಿಲ್ಲಿನಲ್ಲೇ ತಡೆಯುವ ಏರ್ಪಾಡು ನಮಗೆ ಮೊದಲು ಬೇಕು.