ವ್ಯಾಸಪೀಠವೂ ಲ್ಯಾಪ್‌ಟಾಪೂ



ಪಾಠಶಾಲೆಯಲ್ಲಿದ್ದ ಮೂವತ್ತು ವರ್ಷಗಳೂ ನಾವು ಮಕ್ಕಳಿಗೆ ಹೇಳುತ್ತ ಬಂದ ಮಾತೊಂದುಂಟು: “ನೆಟ್ಟಗೆ ಕುಳಿತುಕೊಳ್ಳಿರಿ!” ಈಚೆಗೆ ಅದೇ ಮಾತನ್ನು ನಮ್ಮ ಸೊಸೆಗೂ ಹೇಳಿದೆವು. ಆಕೆಯು ಮನೆಯಿಂದಲೇ ಕಚೇರಿಯ ಕೆಲಸವನ್ನು ನಡೆಸುವವಳು. ದಿನವಿಡೀ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನಿರಿಸಿಕೊಂಡು ಬಾಗಿ ಕುಳಿತಿರುವಳು. ಸಂಜೆಯಾಗುತ್ತಲೇ ಕತ್ತುನೋವೆಂದು ಮಲಗುವಳು, ಮಗುವನ್ನು ಎತ್ತಿಕೊಳ್ಳಲೂ ಆಗದು. ನಮ್ಮ ಉಪದೇಶವನ್ನು ಕೇಳಿ, “ಮಾವ, ಒಂದು ಗಳಿಗೆ ನೀವೇ ಇಲ್ಲಿ ಕುಳಿತು ನೋಡಿ” ಎಂದಳು. ಕುಳಿತೆವು. ಕಾಲು ಗಂಟೆ ಕಳೆಯುವುದರೊಳಗಾಗಿ ನಮ್ಮ ಬೆನ್ನೂ ಬಿಲ್ಲಾಗಿತ್ತು!

ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಈ ಯಂತ್ರದಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಅನುಕೂಲವಾಗುವಂತೆ ಇಟ್ಟರೆ ಕಣ್ಣಿಗೆ ತಗ್ಗು. ಕಣ್ಣಿಗೆ ಸರಿಯಾಗುವಂತೆ ಎತ್ತಿದರೆ ಕೈಗೆ ಎತ್ತರ. ಮನುಷ್ಯನ ತಲೆಯ ತೂಕವು ಸುಮಾರು 5 ಕಿಲೋಗ್ರಾಂ. ಅದು ಮುಂದಕ್ಕೆ ವಾಲಿದಷ್ಟೂ ಕತ್ತಿನ ಸ್ನಾಯುಗಳಿಗೆ ಭಾರವು ಹೆಚ್ಚುವುದು. ದೇಹವು ನೋಯುತ್ತಿರಲು ಮನಸ್ಸು ಕೆಲಸದಲ್ಲಿ ನಿಂತೀತೆ? ಧ್ಯಾನಕ್ಕೆ ಕುಳಿತವನು ಮೈ, ಕತ್ತು, ತಲೆಗಳನ್ನು ಒಂದೇ ನೇರದಲ್ಲಿರಿಸಬೇಕೆಂದು ಭಗವದ್ಗೀತೆಯ 6ನೆಯ ಅಧ್ಯಾಯದಲ್ಲಿ ಹೇಳಿರುವುದೂ ಏಕಾಗ್ರತೆಯ ಸಲುವಾಗಿಯೇ.

ನಮ್ಮ ಹಿರಿಯರು ಗ್ರಂಥವನ್ನು ವ್ಯಾಸಪೀಠದ ಮೇಲಿರಿಸಿ ಓದುತ್ತಿದ್ದರು. ಲ್ಯಾಪ್‌ಟಾಪಿಗೂ ಅಂತಹ ಪೀಠಗಳು ಅಂಗಡಿಯಲ್ಲಿ ದೊರೆಯುತ್ತವೆ. ಇಲ್ಲವಾದರೆ ಗಟ್ಟಿಯಾದ ಮರದ ಪೆಟ್ಟಿಗೆಯೊಂದು ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ. ದೂರವು ಒಂದು ತೋಳಿನಷ್ಟಿರಲಿ. ಆದರೆ ಬೇರೊಂದು ಕೀಲಿಮಣೆಯನ್ನೂ ಮೌಸನ್ನೂ ಮೇಜಿನ ಮೇಲಿರಿಸದೆ ಪೀಠವನ್ನು ಮಾತ್ರ ಕೊಂಡಲ್ಲಿ ಕತ್ತಿನ ನೋವು ಭುಜಕ್ಕೆ ಇಳಿದೀತು, ಅಷ್ಟೆ. ಮೊಣಕೈಗಳು ಲಂಬಕೋನದಲ್ಲಿರಲಿ, ಪಾದಗಳು ನೆಲಕ್ಕೆ ಊರಿರಲಿ. ನಮ್ಮಂತೆ ಬೈಫೋಕಲ್ ಕನ್ನಡಕವನ್ನು ಧರಿಸುವವರು ಪರದೆಯನ್ನು ಇನ್ನಷ್ಟು ತಗ್ಗಿಸಿಕೊಳ್ಳಬೇಕು. ಇಲ್ಲವಾದರೆ ಗದ್ದವನ್ನೆತ್ತಿ ನೋಡಬೇಕಾಗುವುದು. ಎಷ್ಟೇ ಸರಿಯಾಗಿ ಕುಳಿತರೂ ಅರ್ಧ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಓಡಾಡತಕ್ಕದ್ದು.

ಬಡಗಿಯಿಂದ ಪೀಠವೊಂದನ್ನು ಮಾಡಿಸಿ ಸೊಸೆಗೆ ಕೊಟ್ಟೆವು. ಎರಡು ತಿಂಗಳಾದವು, ಈಗ ಸಂಜೆಯ ವೇಳೆ ಮಗುವು ಆಕೆಯ ಕಂಕುಳಲ್ಲಿರುವುದು. ನಮಗೆ ಉಳಿದಿರುವ ಪರಿತಾಪವು ಒಂದೇ: ಅಂದು ನಾವು ಗದರಿದ ಮಕ್ಕಳಲ್ಲಿ ಎಷ್ಟು ಮಂದಿಯ ಬೆಂಚುಗಳು ಅವರ ಅಳತೆಗೆ ತಕ್ಕಂತಿದ್ದವು? ಮೂವತ್ತು ವರ್ಷಗಳಲ್ಲಿ ಒಂದು ದಿನವೂ ನಾವು ಆ ಬೆಂಚಿನ ಮೇಲೆ ಕುಳಿತು ನೋಡಲಿಲ್ಲ.